ಪಟ್ಟೆರಾಯರ ಕೆಮ್ಮು

ನಮ್ಮೂರಿನಲ್ಲಿ ಮಾಂಸ ತಿನ್ನುವವರು ಬೀದಿಗಿಳಿದರೆ ಕೆಮ್ಮಿಕೊಂಡು ನಡೆಯಬೇಕಿತ್ತು. ಬೆಕ್ಕುಗಳದು ಗಂಟಲಲ್ಲಿ ನೂಲು ಸಿಕ್ಕಿಕೊಂಡಂಥ ಸಣ್ಣ ಕೆಮ್ಮು. ಕಿರುಬಗಳಿಗೆ ಕೆಮ್ಮಲು ಹೋದರೆ ನಗು ಬಂದುಬಿಡುತ್ತಿತ್ತು, ಅದಕ್ಕೇ ಅವರನ್ನು ಒಳ್ಳೆಯ ಮನೆಗಳವರು ಹತ್ತಿರ ಸೇರಿಸುತ್ತಿರಲಿಲ್ಲ. ಪಟ್ಟೆರಾಯರ ಕೆಮ್ಮು ಮಾತ್ರ ಬೇರೆಯೇ. ಊರಿನ ಹುಲಿಗಳಲ್ಲೆಲ್ಲ ಹಿರಿಯರು ಅವರು. ಬೀದಿಯ ತಿರುವಿನಲ್ಲಿ ಅವರು ಒಮ್ಮೆ ಕೆಮ್ಮಿದರೆ ನಮ್ಮ ಅಡುಗೆಮನೆಯ ನಾಗಂದಿಗೆಯ ಮೇಲಿನ ಹಿತ್ತಾಳೆ ಚೊಂಬು ಝಣ್ಣೆನ್ನುತ್ತಿತ್ತು. ಆ ಸದ್ದು ಕೇಳಿದ್ದೇ ತಡ, ಜಗಲಿಯ ಮೇಲೆ ಹರಟುತ್ತಿದ್ದವರೆಲ್ಲ "ಅಯ್ಯೋ, ಒಲೆ ಮೇಲೆ ಹುರುಳಿ ಇಟ್ಟಿದ್ದೆ" ಎನ್ನುತ್ತ ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆವು. ಒಂದೇ ಹೊತ್ತಿಗೆ ಇಡೀ ಬೀದಿಯ ಒಲೆಗಳ ಮೇಲೆ ಹುರುಳಿ ಇರುವುದು ಹೇಗೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ರಾಯರೂ ಅಷ್ಟೇ, ಮುಚ್ಚಿಕೊಳ್ಳುವ ಬಾಗಿಲುಗಳ ಕಡೆ ನೋಡದೆ ಆಕಾಶ ನೋಡಿಕೊಂಡು ದಾಟಿ ಹೋಗುತ್ತಿದ್ದರು. ಹೆದರಿಕೆ ಎಂಬ ಮಾತನ್ನು ಊರಲ್ಲಿ ಯಾರೂ ಆಡುತ್ತಿರಲಿಲ್ಲ. ಅದಕ್ಕೆ ನಾವು ಮರ್ಯಾದೆ ಎನ್ನುತ್ತಿದ್ದೆವು.

ನನ್ನ ಹೆಸರು ಚುಕ್ಕವ್ವ. ಆಡಿನ ಕುಲ. ಗಂಡ ಸತ್ತ ಮೇಲೆ ಅಪ್ಪನ ಮನೆಗೆ ಬಂದು ಹಿಂದಿನ ಕೋಣೆಯಲ್ಲಿ, ಮೇವಿನ ಚೀಲಗಳ ಪಕ್ಕದಲ್ಲಿ, ಇದ್ದವಳು. ನನ್ನ ಗಂಡ ಬಂಡೆಯ ಮೇಲಿನ ಬಳ್ಳಿಗೆ ಬಾಯಿ ಹಾಕಲು ಹೋಗಿ ಜಾರಿ ಬಿದ್ದು ಸತ್ತ. ಆಡಾಗಿ ಹುಟ್ಟಿ ಬಂಡೆಯಿಂದ ಜಾರಿದ ಎಂದು ನೆಂಟರೆಲ್ಲ ಇವತ್ತಿಗೂ ನಗುತ್ತಾರೆ. ಅವನ ಊಟಕ್ಕೆ ನಾವು ಕರೆದದ್ದು ಒಬ್ಬ ಕಿರುಬನನ್ನು. ಅವನು ಉಂಡಷ್ಟೂ ಹೊತ್ತು ಕೆಮ್ಮಿದ, ಅಂದರೆ ನಕ್ಕ. ಅದನ್ನು ನಾನು ಮರೆತಿಲ್ಲ.

ಊಟದ ಕರೆ ಎಂದರೆ ಇದೇ. ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವ ಹಾಗಾದರೆ ಮಾಂಸದವರಲ್ಲಿ ಒಬ್ಬರನ್ನು ಕರೆಯುವುದು. ಕರೆಸಿಕೊಂಡವರು ಅವತ್ತಿನಿಂದ ಉಪವಾಸ ಹಿಡಿದು, ಕೆಮ್ಮುತ್ತ ಬಂದು, ಜಗಲಿಯಲ್ಲಿ ಕೂತು, ಉಸಿರು ನಿಲ್ಲುವ ತನಕ ಕಾದು, ಉಂಡು, ಬಾಯಿ ಒರೆಸಿಕೊಂಡು, ತೃಪ್ತಿಯಾಯಿತು ಎಂದು ಹೇಳಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಅವರದು ಮೊಟ್ಟೆ, ಹೊಳೆಮೀನು, ಹುರುಳಿಕಟ್ಟು. ಯಾರ ಮನೆಗೆ ಯಾರು ಬಂದರು ಎನ್ನುವುದರ ಮೇಲೆ ಮನೆತನದ ಅಂತಸ್ತು ನಿಲ್ಲುತ್ತಿತ್ತು. ಮೊಲಗಳಿಗೆ ಬೆಕ್ಕು, ಕುರಿಗಳಿಗೆ ತೋಳ. ಹುಲಿಯನ್ನು ಕರೆಯುವ ಯೋಗ್ಯತೆ ದೊಡ್ಡಬೀದಿಯ ಎತ್ತುಗಳ ಮನೆತನಕ್ಕೆ ಮಾತ್ರ. ನಮ್ಮಜ್ಜನನ್ನು ಹುಲಿ ತಿಂದಿತ್ತು ಎಂದು ಆ ಮನೆಯ ಹೋರಿಗಳು ಹೆಣ್ಣು ನೋಡಲು ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದವು. ಯಾವ ಆಡಿನ ಮನೆಗೂ ಹುಲಿ ಬಂದಿರಲಿಲ್ಲ.

ಇದು ನನ್ನ ಅಣ್ಣನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅಪ್ಪ ಇಟ್ಟ ಹೆಸರು ಕೊಂಬಯ್ಯ. ಮೇವಿನ ಮಂಡಿ ಕೈಹತ್ತಿ ಮನೆಗೆ ಮಹಡಿ ಏರಿದ ಮೇಲೆ ಅವನು ಶೃಂಗಯ್ಯನಾದ. ಗಡ್ಡಕ್ಕೆ ಎಣ್ಣೆ ಹಚ್ಚಿ ಬಾಚಿಕೊಳ್ಳಲು ಶುರುಮಾಡಿದ. ಅವನ ಹೆಂಡತಿ, ನನ್ನ ಅತ್ತಿಗೆ ಬೆಳ್ಳಕ್ಕ, ಕಡಲಾಚೆಯ ಚಿತ್ರಕಥೆಗಳ ಹುಚ್ಚಿಗೆ ಬಿದ್ದಳು. ಮಾಂಗಾ ಎನ್ನುತ್ತಾರಂತೆ ಅವಕ್ಕೆ. ಅದರ ಅಕ್ಷರ ನಮ್ಮ ಬೀದಿಯಲ್ಲಿ ಯಾರಿಗೂ ಬಾರದು, ಇರುವೆ ಸಾಲು ಕಂಡ ಹಾಗೆ ಕಾಣುತ್ತದೆ. ಚಿತ್ರ ನೋಡಿಕೊಂಡೇ ಅವಳು ಕಥೆ ಕಟ್ಟುತ್ತಿದ್ದಳು. ನಮ್ಮ ಹಾಗೆಯೇ ಮಾಂಸದವರೂ ಸೊಪ್ಪಿನವರೂ ಒಂದೇ ಊರಲ್ಲಿರುವ ಕಥೆಗಳು ಅವು. ಎಲ್ಲರಿಗೂ ತಟ್ಟೆಯಷ್ಟಗಲ ಕಣ್ಣು. ಅದರಲ್ಲೂ ಒಂದು ಪುಸ್ತಕ ಅವಳಿಗೆ ಪ್ರಾಣ. ಮಧ್ಯಾಹ್ನ ಬೀದಿಯ ಹೆಂಗಸರನ್ನು ಕೂಡಿಸಿಕೊಂಡು ಅದನ್ನು ಬಿಡಿಸಿ ಹೇಳುತ್ತಿದ್ದಳು. "ನೋಡ್ರೇ, ಮೊದಲು ತೋಳಗಳ ಕುತ್ತಿಗೇಲೆಲ್ಲ ಗಂಟೆ. ಊರೆಲ್ಲ ಅಳ್ತಾ ಇದೆ. ಆಮೇಲೆ ಗಂಟೆ ಬಿಚ್ಚಿಬಿಡ್ತಾರೆ. ಆಮೇಲೆ ನೋಡಿ, ಪವಾಡ! ತೋಳದ ಬಾಯಿಂದ ಮೊಲದ ಹುಡುಗಿ ಹೊರಗೆ ಬರ್ತಾಳೆ, ಮೈ ಮೇಲೆ ಒಂದು ಗಾಯ ಇಲ್ಲ! ಆಮೇಲೆ ಇಬ್ರೂ ಹೂವಿನ ಮರದ ಕೆಳಗೆ ಕೈ ಕೈ ಹಿಡ್ಕೊಂಡು ಓಡಾಡ್ತಾರೆ." ಮೂಲೆಮನೆಯ ಮೊಲ ಚಿಗುರವ್ವ ಪ್ರತಿ ಸಲವೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಅಪ್ಪನಿಗೆ ಜ್ವರ ಬಂತು. ಅಪ್ಪನ ಹೆಸರು ಮೋಟಪ್ಪ, ಎಳೆತನದಲ್ಲೇ ಒಂದು ಕೊಂಬು ಮುರಿದಿತ್ತು. ಜ್ವರ ಏರಿ ಮೈಮೇಲೆ ಎಚ್ಚರ ತಪ್ಪಿತು. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದರೆ ಅಣ್ಣ ಹೊರಗೆ ನರಿ ಗೋಳಪ್ಪನ ಜೊತೆ ಪಿಸುಗುಡುತ್ತಿದ್ದ. ಕರೆ ಒಯ್ಯುವುದು, ಒಪ್ಪಿಗೆ ಕೇಳುವುದು, ಊಟವಾದ ಮೇಲೆ ಉಳಿದ ಮೂಳೆ ತೆಗೆದುಕೊಂಡು ಹೋಗುವುದು ಗೋಳಪ್ಪನ ವೃತ್ತಿ. ದೊಡ್ಡಬೀದಿಯಲ್ಲೂ ಒಂದು ಮುದಿ ಎತ್ತು ಹಾಸಿಗೆ ಹಿಡಿದಿದೆ, ರಾಯರಿಗೆ ಅಲ್ಲಿಂದ ಕರೆ ಹೋಗುವ ಮೊದಲು ನಾವು ಕರೆದುಬಿಡಬೇಕು ಎಂದು ಅವನು ಅಣ್ಣನ ಕಿವಿ ಕಚ್ಚಿದ. ಸಾಯುವ ಲಕ್ಷಣ ಪೂರ್ತಿ ಕಾಣದೆ ಕರೆಯಬಾರದು. ಅಣ್ಣನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕರೆದೇಬಿಟ್ಟ.

ರಾಯರು ಬರುವ ದಿನ ಮನೆ ಮದುವೆಮನೆಯಾಯಿತು. ಬಾಗಿಲಿಗೆ ಹಲಸಿನ ಸೊಪ್ಪಿನ ತೋರಣ ಕಟ್ಟಿದರು. ಆಡುಗಳ ಮನೆಯಲ್ಲಿ ತೋರಣ ಉಳಿಯುವುದು ಕಷ್ಟ, ಹೋಗುತ್ತ ಬರುತ್ತ ಎಲ್ಲರೂ ಒಂದೊಂದು ಎಲೆ ಎಳೆಯುತ್ತಿದ್ದರು, ಅತ್ತಿಗೆ ಎಲ್ಲರ ಮೂತಿಗೂ ಒಂದೊಂದು ಬಾರಿಸುತ್ತಿದ್ದಳು. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕೆಮ್ಮು ಕೇಳಿತು. ಚೊಂಬು ಝಣ್ಣೆಂದಿತು. ಬಾಗಿಲುಗಳೆಲ್ಲ ಮುಚ್ಚಿಕೊಂಡವು, ಆದರೆ ಅವತ್ತು ಎಲ್ಲ ಕಿಟಕಿಗಳಲ್ಲೂ ಕಣ್ಣುಗಳಿದ್ದವು. ಹುಲಿ ಆಡಿನ ಮನೆಯ ಮೆಟ್ಟಿಲು ಹತ್ತುವುದನ್ನು ಊರು ನೋಡಿತು. ಅಣ್ಣನ ಕಣ್ಣಲ್ಲಿ ನೀರು ಬಂತು. ಅಪ್ಪನಿಗಾಗಿ ಬಂದ ನೀರಲ್ಲ ಅದು.

ಆ ಕೆಮ್ಮಿಗೆ ಎಚ್ಚೆತ್ತವನು ಅಪ್ಪ. ಕಣ್ಣು ಬಿಟ್ಟು, "ಯಾರಮ್ಮಾ ಕೆಮ್ಮಿದ್ದು? ಪಾಪ, ಒಂದಿಷ್ಟು ಶುಂಠಿ ಕಷಾಯ ಕೊಡು" ಎಂದ. ಮೈಯೆಲ್ಲ ಬೆವರಿ ಜ್ವರ ಇಳಿದಿತ್ತು. ನಾನು ಕುಣಿದಾಡುವುದೊಂದು ಬಾಕಿ. ಸಂಜೆಯ ಹೊತ್ತಿಗೆ ಅಪ್ಪ ಗೋಡೆ ಹಿಡಿದು ಎದ್ದು ಬಂದು ತೋರಣದ ಎಲೆಗಳನ್ನು ಒಂದೂ ಬಿಡದೆ ತಿಂದ. ಅತ್ತಿಗೆ ಹೌಹಾರಿದಳು. "ಮಾವಾ, ಮಲಕ್ಕೊಳ್ಳಿ. ಹೀಗೆಲ್ಲ ಎದ್ದು ಓಡಾಡಿದ್ರೆ ಬಂದೋರು ಏನಂದ್ಕೋತಾರೆ?"

ಬಂದವರು ಏನೂ ಅಂದುಕೊಳ್ಳುವವರಲ್ಲ. ಅವರಷ್ಟು ಸಭ್ಯರನ್ನು ನಾನು ನೋಡಿಲ್ಲ. "ಅವಸರವೇನೂ ಇಲ್ಲ. ಹಿರಿಯರು ಸಾವಕಾಶವಾಗಿ ಹೊರಡಲಿ" ಎಂದು ಜಗಲಿಯ ಕುರ್ಚಿಯಲ್ಲಿ ಕೂತರು. ಮಾರನೆಯ ದಿನ ಅಪ್ಪ ಹೋಗಿ ಅವರೆದುರು ಕೂತ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಇಬ್ಬರೂ ಆಡುಹುಲಿ ಆಟ ಆಡಿದರು. ಅಪ್ಪ ಆಡುಕಾಯಿಗಳನ್ನು ನಡೆಸಿ ರಾಯರ ಹುಲಿಯನ್ನು ಮೂಲೆಗೆ ಕಟ್ಟಿಹಾಕಿದ. ಗೆದ್ದಾಗ ಬಾಯ್ತುಂಬ ನಕ್ಕ. ರಾಯರೂ ನಕ್ಕರು. ಅವರ ಹೊಟ್ಟೆ ಗುರ್ ಎಂದಿತು. ಗುಡುಗಿರಬೇಕು ಎಂದ ಅಣ್ಣ. ಬಿಸಿಲು ಸುಡುತ್ತಿತ್ತು.

ಹೀಗೇ ದಿನಗಳು ಕಳೆದವು. ಅಪ್ಪ ಮೈ ತುಂಬಿಕೊಂಡ, ರಾಯರ ಪಕ್ಕೆಲುಬುಗಳು ಎದ್ದು ಕಂಡವು. ಕರೆಸಿಕೊಂಡವರು ಬರಿಬಾಯಲ್ಲಿ ವಾಪಸು ಹೋಗುವಂತಿಲ್ಲ. ಹೋದರೆ ಕರೆದ ಮನೆಯ ಮಾನವೂ ಹೋಯಿತು, ಬಂದವರ ಮಾನವೂ ಹೋಯಿತು. ಊರು ಆಗಲೇ ಆಡಿಕೊಳ್ಳಲು ಶುರುಮಾಡಿತ್ತು. ಮನೆಯವರೆಲ್ಲ ಅಪ್ಪನ ಕಡೆ ಅಪರಾಧಿಯನ್ನು ನೋಡುವ ಹಾಗೆ ನೋಡುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ ಅತ್ತಿಗೆ ನನ್ನ ತಟ್ಟೆಗೆ ಎಳೆಯ ಹಲಸಿನ ಚಿಗುರು ಬಡಿಸಿದಳು. ಅಷ್ಟು ವರ್ಷ ಒಣಹುಲ್ಲು ಕೊಟ್ಟವಳು. ಚಿಗುರು ಬಾಯಿಗಿಟ್ಟ ಕೂಡಲೇ ನನಗೆ ವಿಷಯ ತಿಳಿಯಿತು.

ಅಣ್ಣ ಹಿಂದಿನ ಕೋಣೆಗೆ ಬಂದು ಮೇವಿನ ಚೀಲದ ಮೇಲೆ ಕೂತ. ಮಾತಿಗೆ ಮೊದಲು ಗಡ್ಡ ನೀವಿಕೊಂಡ.

"ಚುಕ್ಕೀ, ನಿನ್ನ ಗಂಡನಿಗೆ ಕಿರುಬ ಸಿಕ್ಕಿತ್ತು. ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ ನಂಗೆ. ನಿಂಗಾದ್ರೂ ಒಳ್ಳೇದಾಗ್ಲಿ ಅಂತ."

"ಏನಣ್ಣ ಒಳ್ಳೇದು?"

"ಹುಲಿ ಕಣೇ! ನಮ್ಮ ವಂಶದಲ್ಲೇ ಮೊದಲನೇ ಸಲ. ನಿನ್ನ ಹೆಸರು ಉಳಿಯುತ್ತೆ."

"ಅಷ್ಟೊಂದು ಭಾಗ್ಯ ಅಂದ್ರೆ ನೀನೇ ಇಟ್ಕೋ."

"ನಂಗೆ ಮಂಡಿ ಇದೆ, ಸಂಸಾರ ಇದೆ. ನಿಂಗೇನಿದೆ ಹೇಳು?"

ನನಗೇನಿತ್ತು? ಬೆಳಿಗ್ಗೆ ಹಿತ್ತಿಲ ಗೋಡೆಯ ಮೇಲೆ ಬಿಸಿಲು ಬೀಳುವಾಗ ಅಲ್ಲಿ ಹತ್ತಿ ನಿಂತು ಬೆನ್ನು ಕಾಯಿಸಿಕೊಳ್ಳುವುದಿತ್ತು. ಅಪ್ಪನ ಬೈಗುಳವಿತ್ತು. ಇಷ್ಟಕ್ಕೆ ಬದುಕಬೇಕೆನ್ನುತ್ತೀಯಾ ಎಂದರೆ ನಾಚಿಕೆಯಾಗುತ್ತಿತ್ತು. ಆದರೂ ಬದುಕಬೇಕು ಅನ್ನಿಸುತ್ತಿತ್ತು, ತುಂಬ ಜೋರಾಗಿ ಅನ್ನಿಸುತ್ತಿತ್ತು.

ಮರುದಿನ ನನಗೆ ಅರಿಸಿನ ಹಚ್ಚಿ ಸ್ನಾನ ಮಾಡಿಸಿದರು. ಅತ್ತಿಗೆ ತನ್ನ ರೇಷ್ಮೆ ಸೀರೆ ಉಡಿಸಿದಳು, ಉಟ್ಟ ಮೇಲೆ ಅದರ ಅಂಚು ಹಾಳಾಗಬಾರದೆಂದು ಬಿಚ್ಚಿಸಿ ಹತ್ತಿ ಸೀರೆ ಉಡಿಸಿದಳು. ಜಗಲಿಯ ಮುಂದೆ ಊರು ನೆರೆದಿತ್ತು. ಅಪ್ಪನನ್ನು ಹಿತ್ತಿಲಿಗೆ ಕಳಿಸಿ ಬಾಗಿಲು ಹಾಕಿದ್ದರು. ಅವನು ಒಂಟಿ ಕೊಂಬಿನಿಂದ ಬಾಗಿಲು ಗುದ್ದುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ಗೋಳಪ್ಪ ಬಾಲ ಮಡಚಿಕೊಂಡು ನನ್ನೆದುರು ನಿಂತ.

"ತುಂಬು ಮನಸಿಂದ ಬಡಿಸ್ತೀಯಾ ತಾಯಿ?"

ಈ ಪ್ರಶ್ನೆಗೆ ಬಡಿಸಿದೆ ಎನ್ನಬೇಕು. ಸಾಯುವವರಿಗೆ ನಾಲಿಗೆ ಹೊರಳದಿದ್ದರೆ ಹಿರಿಮಗ ಅನ್ನುತ್ತಾನೆ. ಬೇರೆ ಉತ್ತರ ಕೊಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ, ಯಾಕೆಂದರೆ ಉತ್ತರ ಕೊಡುವಷ್ಟು ಜೀವ ಇದ್ದವರನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ.

"ಇಲ್ಲ" ಎಂದೆ.

ಗೋಳಪ್ಪ ಕಿವಿ ನಿಮಿರಿಸಿದ. "ಏನಂದೆ?"

"ಬಡಿಸಲ್ಲ. ನಂಗೆ ಮನಸಿಲ್ಲ."

ಅತ್ತಿಗೆ ಹಣೆ ಚಚ್ಚಿಕೊಂಡಳು. ಇವಳಿಗೆ ತಲೆಮೇಲೆ ಕೊಂಬು ಬಂದಿದೆ ಎಂದು ಯಾರೋ ಅಂದರು. ಆಡಿಗೆ ಇರುವುದೇ ಅದು. ಗೋಳಪ್ಪ ರಾಯರ ಮುಖ ನೋಡಿದ, ಅಣ್ಣನ ಮುಖ ನೋಡಿದ, ಆಮೇಲೆ ತಲೆ ಕೆರೆದುಕೊಂಡು ಹೇಳಿದ. "ಹಂಗಾದ್ರೆ ಇನ್ನೇನ್ ಮಾಡಕ್ಕಾಗುತ್ತೆ? ಕರೆದೋರ ಮಾತು ಕರೆದೋರೇ ಉಳಿಸ್ಕೋಬೇಕು. ಶೃಂಗಯ್ಯನೋರೇ, ಮುಂದಕ್ಕೆ ಬನ್ನಿ."

ಊರಿನ ಕಣ್ಣೆಲ್ಲ ಅಣ್ಣನ ಮೇಲೆ ಬಿತ್ತು. ರಾಯರೂ ತಲೆ ತಿರುಗಿಸಿದರು. ನಮ್ಮ ಮನೆಯಲ್ಲಿ ಕೊಬ್ಬಿದವನು ಅಂದರೆ ಅವನೊಬ್ಬನೇ, ಅದು ಅವರಿಗೆ ಆಗಲೇ ಹೊಳೆಯಿತೋ ಏನೋ, ಬಂದಾಗಿನಿಂದ ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಣ್ಣನ ಕಣ್ಣು ಅತ್ತ ಇತ್ತ ಓಡಿ ಕಿಟಕಿಯ ಕಟ್ಟೆಯ ಮೇಲೆ ನಿಂತಿತು. ಅಲ್ಲಿ ಅತ್ತಿಗೆಯ ಪುಸ್ತಕವಿತ್ತು. ಅದನ್ನು ಎತ್ತಿ ಹಿಡಿದು ಅವನು ಕೂಗಿದ.

"ಬಂಧುಗಳೇ! ಎಷ್ಟು ದಿನ ಈ ಅನಾಗರಿಕತೆ?"

ನಮ್ಮೂರಿನಲ್ಲಿ ಸುಧಾರಣೆ ಹುಟ್ಟಿದ್ದು ಹೀಗೆ. ನನ್ನನ್ನು ಅರಿಸಿನ ಹಚ್ಚಿ ಕೂರಿಸುವ ತನಕ ನಾಗರಿಕವಾಗಿದ್ದ ಪದ್ಧತಿ ಅವನ ಸರದಿ ಬಂದ ಕೂಡಲೇ ಅನಾಗರಿಕವಾಯಿತು. ಅವನು ಪುಸ್ತಕ ಬಿಡಿಸಿ ಒಂದೊಂದೇ ಚಿತ್ರ ತೋರಿಸಿದ. ನೋಡಿ, ಗಂಟೆ ಬಿಚ್ಚಿದರು. ನೋಡಿ, ನುಂಗಿದವರು ಹೊರಗೆ ಬಂದರು. ನೋಡಿ, ಸ್ನೇಹ! ಇನ್ನು ನಮ್ಮಲ್ಲಿ ಊಟದ ಕರೆ ಬೇಡ, ಚಿಲಕ ಬೇಡ, ನಾವೆಲ್ಲ ಸಮಾನರು ಎಂದ. ಚಿಗುರವ್ವ ಮುಂದಿನ ಸಾಲಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ರಾಯರು ಎಲ್ಲವನ್ನೂ ಗಮನವಿಟ್ಟು ಕೇಳಿದರು. "ಕೆಮ್ಮೂ ಬೇಡವೆನ್ನುತ್ತೀರಾ?" ಎಂದು ಮೆಲ್ಲಗೆ ಕೇಳಿದರು.

"ಬೇಡ! ಸಮಾನರಿಗೆ ಕೆಮ್ಮು ಯಾಕೆ?"

ರಾಯರ ಮುಖ ಅರಳಿತು. ಅವರಿಗೆ ಎಷ್ಟೊಂದು ಹಲ್ಲುಗಳಿವೆ ಎಂದು ಊರಿಗೆ ಗೊತ್ತಾದದ್ದು ಅವತ್ತು. "ಒಳ್ಳೆಯ ಪುಸ್ತಕ. ಓದಿ ಹಿಂತಿರುಗಿಸುತ್ತೇನೆ" ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಬರಿಹೊಟ್ಟೆಯಲ್ಲಿ, ಕೆಮ್ಮದೆ ಮೆಟ್ಟಿಲಿಳಿದು ಹೋದರು. ಜನ ಚಪ್ಪಾಳೆ ತಟ್ಟಿದರು. ಅಣ್ಣನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ನಾನು ಹೋಗಿ ಹಿತ್ತಿಲ ಬಾಗಿಲು ತೆಗೆದೆ. ಅಪ್ಪನ ಕೊಂಬಿನ ಬುಡದಲ್ಲಿ ರಕ್ತ ಬಂದಿತ್ತು. ನನ್ನನ್ನು ಕಂಡು ಅವನು ಚಿಕ್ಕ ಮರಿಯ ಹಾಗೆ ಅತ್ತ, ನಾನೂ ಅತ್ತೆ.

ಆಮೇಲೆ ಊರು ತುಂಬ ಸುಧಾರಿಸಿತು. ಹಗಲು ಬಾಗಿಲು ತೆರೆದಿಡುವುದು ನಂಬಿಕೆಯ ಗುರುತು, ಮುಚ್ಚುವುದು ಹಳೆಯ ಕಾಲದವರ ಲಕ್ಷಣ ಎಂದಾಯಿತು. ಬೀದಿಯಲ್ಲಿ ಕೆಮ್ಮು ನಿಂತಿತು. ನೆಗಡಿಯಾದ ಬೆಕ್ಕೊಂದು ಅಪ್ಪಿತಪ್ಪಿ ಕೆಮ್ಮಿ ಎಲ್ಲರ ಕ್ಷಮೆ ಕೇಳಿತು. ನೀವು ತಲೆಯೆತ್ತಿದರೆ ತೋಳ ಪಕ್ಕದಲ್ಲೇ ನಿಂತು ಸೊಪ್ಪಿನ ಬೆಲೆ ವಿಚಾರಿಸುತ್ತಿರುತ್ತಿತ್ತು, ಯಾವಾಗ ಬಂತೋ ಗೊತ್ತಾಗುತ್ತಿರಲಿಲ್ಲ. ಅಣ್ಣ ಎಲ್ಲ ಸಭೆಗಳಲ್ಲೂ ಭಾಷಣ ಮಾಡಿದ. ಅವನ ಪಕ್ಕದ ಕುರ್ಚಿ ಯಾವಾಗಲೂ ರಾಯರದು.

ಮೊದಲು ಕಾಣೆಯಾದವಳು ಚಿಗುರವ್ವ. ತವರಿಗೆ ಹೋಗಿರಬೇಕು ಎಂದರು. ಅವಳ ತವರು ನಮ್ಮ ಬೀದಿಯಲ್ಲೇ ಇತ್ತು, ಆದರೂ ಹಾಗಂದರು. ಆಮೇಲೆ ಹೊಳೆಯಾಚೆಯ ಕುರಿಗಳ ಕೇರಿಯಲ್ಲಿ ಒಂದೊಂದೇ ಮನೆ ಖಾಲಿಯಾಯಿತು. ಕೂಲಿಗೆ ದೇಶಾಂತರ ಹೋದರಂತೆ, ಒಲೆಯ ಮೇಲೆ ಮಡಕೆ ಹಾಗೇ ಬಿಟ್ಟು. ಊಟದ ಕರೆ ನಿಂತ ಮೇಲೆ ಹುಲಿಗಳು ಸೊರಗಬೇಕಿತ್ತು. ಅವು ಮಿರಿಮಿರಿ ಮಿಂಚುತ್ತಿದ್ದವು. ಹುರುಳಿಕಟ್ಟಿನ ಮಹಿಮೆ ಎಂದು ಎಲ್ಲರೂ ಒಪ್ಪಿಕೊಂಡರು. ಹೆದರಿಕೆ ಎಂಬ ಮಾತು ಮೊದಲೂ ಇರಲಿಲ್ಲ. ಈಗ ಅದನ್ನು ಮರ್ಯಾದೆ ಎಂದು ಕರೆಯುವ ಅನುಕೂಲವೂ ಹೋಯಿತು.

ಒಂದು ದಿನ ರಾಯರ ಮನೆಯಿಂದ ಪುಸ್ತಕ ವಾಪಸು ಬಂತು. ತುಂಬಾ ಚೆನ್ನಾಗಿದೆ, ಮನೆಮಂದಿಯೆಲ್ಲ ಓದಿದೆವು ಎಂದು ಹೇಳಿಕಳಿಸಿದ್ದರು. ಅತ್ತಿಗೆ ಸಂತೆಗೆ ಹೋಗಿದ್ದಳು. ನಾನು ಸುಮ್ಮನೆ ಹಾಳೆ ತಿರುವಿದೆ. ಅಕ್ಷರ ಬಾರದಿದ್ದರೂ ಮೂಲೆಯಲ್ಲಿ ಅಚ್ಚಾಗಿದ್ದ ಪುಟದ ಅಂಕಿಗಳು ನಾವು ಬರೆಯುವ ಅಂಕಿಗಳೇ. ಮೊದಲ ಪುಟದಲ್ಲಿ ದೊಡ್ಡ ಅಂಕಿ ಇತ್ತು. ಮುಂದೆ ಹೋದಂತೆ ಅಂಕಿ ಸಣ್ಣದಾಗುತ್ತ ಹೋಯಿತು. ಒಂದು ಎನ್ನುವುದು ಕಟ್ಟಕಡೆಯಲ್ಲಿತ್ತು. ಆ ದೇಶದವರು ಪುಸ್ತಕವನ್ನು ಆ ಕಡೆಯಿಂದ ಓದುತ್ತಾರೆ.

ನಾನು ಆ ಕಡೆಯಿಂದ ನೋಡಿದೆ. ಮೊಲದ ಹುಡುಗಿ, ತೋಳದ ಹುಡುಗ ಹೂವಿನ ಮರದ ಕೆಳಗೆ ಓಡಾಡುತ್ತಾರೆ. ಯಾರ ಕುತ್ತಿಗೆಯಲ್ಲೂ ಗಂಟೆ ಇಲ್ಲ. ಆಮೇಲೆ ತೋಳ ಬಾಯಿ ತೆರೆಯುತ್ತದೆ. ಮೊಲ ಒಳಗೆ ಹೋಗುತ್ತಾಳೆ. ಊರೆಲ್ಲ ಅಳುತ್ತದೆ. ಆಮೇಲೆ ತೋಳಗಳ ಕುತ್ತಿಗೆಗೆ ಗಂಟೆ ಕಟ್ಟುತ್ತಾರೆ. ರಾಯರಿಗೆ ಓದಲು ಬರುತ್ತಿತ್ತು.

ಅಣ್ಣ ಕೋಟು ಇಸ್ತ್ರಿ ಮಾಡಿಸಿಕೊಂಡು ಹೊರಡಲು ಸಿದ್ಧನಾಗುತ್ತಿದ್ದ. ರಾಯರು ಅವನೊಬ್ಬನನ್ನೇ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ನಾನು ಪುಸ್ತಕ ಹಿಡಿದುಕೊಂಡು ಹೋಗಿ ಅಂಕಿಗಳನ್ನು ತೋರಿಸಿದೆ. ಅವನು ನೋಡಿದ, ಮತ್ತೆ ನೋಡಿದ, ಮುಖದ ಬಣ್ಣ ಇಳಿಯಿತು.

"ಯಾರಿಗೂ ಹೇಳ್ಬೇಡ" ಎಂದ.

"ಹೇಳ್ಬೇಡ ಅಂದ್ರೆ? ಹೊಳೆಯಾಚೆ ಮನೆಗಳೆಲ್ಲ ಖಾಲಿ ಆಗಿವೆ ಕಣೋ!"

"ಹೇಳಿದ್ರೆ ಏನಾಗುತ್ತೆ ಗೊತ್ತಾ? ಹಳೇದೆಲ್ಲ ಮತ್ತೆ ಬರುತ್ತೆ. ಹಳೇ ಲೆಕ್ಕದಲ್ಲಿ ಆ ಕರೆ ಇನ್ನೂ ತೀರಿಲ್ಲ ಚುಕ್ಕೀ. ಕರೆದೋನು ನಾನು."

"ಹಾಗಾದ್ರೆ ಇವತ್ತು ಹೋಗ್ಬೇಡ. ಹೊಟ್ಟೆ ನೋವು ಅಂತ ಹೇಳಿಕಳಿಸು."

"ಹೋಗದೇ ಇದ್ರೆ ನಂಗೇ ನಂಬಿಕೆ ಇಲ್ಲ ಅಂತಾಗುತ್ತೆ. ಊರಿಗೆಲ್ಲ ನಂಬಿ ಅಂತ ಹೇಳ್ದೋನು." ಅವನು ಬಾಗಿಲ ತನಕ ಹೋಗಿ ನಿಂತ. "ನೀನೂ ಬಾರೇ ಜೊತೆಗೆ. ಇಬ್ರಿದ್ರೆ ಧೈರ್ಯ."

ಬರುವುದಿಲ್ಲ ಎಂದೆ. ನಾನು ಹೋಗುವಷ್ಟು ದಡ್ಡಿಯಲ್ಲ, ಅವನೂ ದಡ್ಡನಲ್ಲ, ಆದರೂ ಹೋದ. ಹೋಗುವಾಗ ಬಾಗಿಲಿಗೆ ಹೊಸದಾಗಿ ಕಟ್ಟಿದ್ದ ತೋರಣದಿಂದ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡ, ಚಿಕ್ಕಂದಿನಲ್ಲಿ ಅಮ್ಮನ ಕಣ್ಣು ತಪ್ಪಿಸಿ ಕಿತ್ತುಕೊಳ್ಳುತ್ತಿದ್ದ ಹಾಗೆಯೇ. ಆಗ ಅರ್ಧ ಎಲೆ ನನಗೂ ಕೊಡುತ್ತಿದ್ದ.

ಅವನು ತಿರುಗಿ ಬರಲಿಲ್ಲ. ಸುಧಾರಣೆ ಹರಡಲು ದೂರದ ಊರುಗಳಿಗೆ ಪ್ರವಾಸ ಹೋಗಿದ್ದಾನೆಂದು ಊರು ತೀರ್ಮಾನಿಸಿತು. ಅತ್ತಿಗೆ ಅದನ್ನೇ ನಂಬಿ ಅವನಿಗೆ ಬೆಚ್ಚಗಿನ ಶಾಲು ಹೆಣೆಯಲು ಕೂತಳು. ನಿಜ ಹೇಳಿದವನು ಗೋಳಪ್ಪ, ಅದೂ ತನ್ನ ಕಷ್ಟ ತೋಡಿಕೊಳ್ಳಲು ಬಂದು. ಕಸುಬು ಹೋಗಿ ಅವನ ಮೈಯ ರೋಮ ಉದುರಿತ್ತು. "ಏನ್ ಸುಧಾರಣೆನೋ ತಾಯಿ. ಮೊದ್ಲೆಲ್ಲ ಊಟ ಆದ್ಮೇಲೆ ಮೂಳೆ ನಂದು. ಈಗ ಕದ ಹಾಕ್ಕೊಂಡ್ ಉಣ್ತಾರೆ. ನಿಮ್ಮಣ್ಣಾರದ್ದೂ ಒಂದ್ ಚೂರೂ ಸಿಗ್ಲಿಲ್ಲ ನೋಡಿ" ಎಂದು ಕಣ್ಣೀರು ಹಾಕಿದ. ನಾನು ಅವನನ್ನು ಬೈದು ಅಟ್ಟಿದೆ. ಆಮೇಲೆ ಮೇವಿನ ಚೀಲಗಳ ನಡುವೆ ಕೂತು ಅತ್ತೆ. ನನ್ನನ್ನು ಬಡಿಸಲು ಹೊರಟವನಿಗಾಗಿ ಇಷ್ಟು ಅಳು ಎಲ್ಲಿತ್ತೋ. ಅವನು ಹೇಡಿ, ಬಡಾಯಿಕೋರ, ನನ್ನ ಒಬ್ಬನೇ ಅಣ್ಣ.

ಅವತ್ತಿನಿಂದ ನಾನು ಹಗಲೂ ಚಿಲಕ ಹಾಕತೊಡಗಿದೆ. ಬೀದಿಯವರು ಮೂಗು ಮುರಿದರು. ಪುಸ್ತಕ ಹಿಡಿದುಕೊಂಡು ಮನೆಮನೆಗೂ ಹೋಗಿ ಅಂಕಿ ತೋರಿಸಿದೆ. ಎಲ್ಲರೂ ನೋಡಿದರು. ನೋಡಿ, "ಯಾವ ಕಡೆಯಿಂದ ಓದಿದ್ರೇನು, ಒಳ್ಳೆ ಭಾವನೆ ಮುಖ್ಯ" ಎಂದರು. ಹೇಳುವಾಗ ಅವರ ಕಿವಿಗಳು ಮಾತ್ರ ಬೀದಿಯ ಕಡೆಗೇ ತಿರುಗಿದ್ದವು.

ಒಂದು ಮಟಮಟ ಮಧ್ಯಾಹ್ನ. ಅತ್ತಿಗೆ ಮಹಡಿಯಲ್ಲಿ ಮಲಗಿದ್ದಳು. ಬೀದಿಯ ಬಾಗಿಲುಗಳೆಲ್ಲ ತೆರೆದಿದ್ದವು, ಜಗಲಿಗಳ ಮೇಲೆ ಜನ ಕೂತಿದ್ದರು. ನಾನು ಒಳಗೆ ಹುರುಳಿ ಆರಿಸುತ್ತಿದ್ದೆ, ಅಪ್ಪ ಒಬ್ಬನೇ ಆಡುಹುಲಿ ಆಡುತ್ತಿದ್ದ. ಹೆಜ್ಜೆಯ ಸದ್ದಿಲ್ಲ, ಏನಿಲ್ಲ, ಬಾಗಿಲನ್ನು ಯಾರೋ ಮೃದುವಾಗಿ ಕೆರೆದರು.

"ಯಾರು?"

"ನಾನಮ್ಮ, ಪಟ್ಟೆರಾಯ. ನಿಮ್ಮ ಅಣ್ಣನವರ ವಿಷಯ ಕೇಳಿದೆ. ಬಹಳ ದೊಡ್ಡ ಮನಸ್ಸಿನವರು. ಮಾತಾಡಿಸಿಕೊಂಡು ಹೋಗೋಣವೆಂದು ಬಂದೆ."

ಅಪ್ಪ ಕೈಯಲ್ಲಿದ್ದ ಕಾಯಿ ಹಿಡಿದುಕೊಂಡೇ ನನ್ನ ಕಡೆ ನೋಡಿದ.

"ಬಿಸಿಲು ಜೋರಾಗಿದೆ. ಒಂದು ಲೋಟ ನೀರು ಸಿಕ್ಕೀತೆ?"

"ಕೊಡ್ತೀನಿ" ಎಂದೆ. "ಮೊದ್ಲು ಕೆಮ್ಮಿ."

ಹೊರಗೆ ಸಣ್ಣ ನಗು. "ಅದು ಹೋಯಿತಲ್ಲಮ್ಮ. ತೆಗೆಸಿದವರು ನಿಮ್ಮ ಅಣ್ಣನವರೇ."

"ಅದಕ್ಕೇ ಕೇಳ್ತಿರೋದು. ಅವನ ಹೆಸರು ಹೇಳ್ಕೊಂಡು ಬಂದಿದ್ದೀರಿ. ಒಂದ್ಸಲ ಕೆಮ್ಮಿ, ಬಾಗಿಲು ತೆಗೀತೀನಿ."

ಹೌದು, ತೆಗೆಯುತ್ತೇನೆ ಎಂದು ಮಾತು ಕೊಟ್ಟೆ. ಸುಳ್ಳು ಹೇಳುತ್ತಿದ್ದೇನೋ ನಿಜ ಹೇಳುತ್ತಿದ್ದೇನೋ ನನಗೇ ಗೊತ್ತಿರಲಿಲ್ಲ. ಬಾಗಿಲ ಸಂದಿನಿಂದ ನೋಡಿದೆ. ಜಗಲಿಗಳ ಮೇಲಿನವರೆಲ್ಲ ಮಾತು ನಿಲ್ಲಿಸಿ ಈ ಕಡೆಯೇ ನೋಡುತ್ತಿದ್ದರು. ಸಭ್ಯರೆಂದು ಹೆಸರಾದ ರಾಯರು, ಇಷ್ಟು ಜನರೆದುರು, ಒಬ್ಬ ವಿಧವೆ ಕೇಳಿದ ಸಣ್ಣ ಮಾತನ್ನು ನಡೆಸಿಕೊಡದೆ ಹೋಗುವುದು ಹೇಗೆ? ಅವರು ಭುಜ ಕುಣಿಸಿದರು. ಇಷ್ಟೇ ತಾನೆ ಎನ್ನುವ ಹಾಗೆ ಬೀದಿಯವರ ಕಡೆ ತಿರುಗಿ ಮುಗುಳ್ನಕ್ಕರು. ಆಮೇಲೆ ಕೆಮ್ಮಿದರು.

ಹಳೆಯ ಕೆಮ್ಮೇ. ನಾಗಂದಿಗೆಯ ಮೇಲಿನ ಚೊಂಬು ಝಣ್ಣೆಂದಿತು. ಅದು ಇನ್ನೂ ನಡುಗುತ್ತಿರುವಾಗಲೇ ಎದುರುಮನೆಯ ಕುರಿ ಎದ್ದು ನಿಂತಳು. "ಅಯ್ಯೋ, ಒಲೆ ಮೇಲೆ ಹುರುಳಿ ಇಟ್ಟಿದ್ದೆ." ಅವಳ ಬಾಗಿಲು ಮುಚ್ಚಿತು. ಪಕ್ಕದ ಮನೆಯಲ್ಲಿ ಯಾರೋ ಅದನ್ನೇ ಅಂದರು. ಅದರಾಚೆಯ ಮನೆಯಲ್ಲೂ ಅಂದರು. ಸಮಾನರೆಲ್ಲ ಎದ್ದರು. ಧಡ್ ಧಡ್ ಎಂದು ಬಾಗಿಲುಗಳು, ಖಟ್ ಖಟ್ ಎಂದು ಚಿಲಕಗಳು, ನಮ್ಮ ಬೀದಿಯಿಂದ ದೊಡ್ಡಬೀದಿಗೆ, ದೊಡ್ಡಬೀದಿಯಿಂದ ಹೊಳೆಯ ತನಕ ಮುಚ್ಚುತ್ತ ಹೋದವು.

ರಾಯರು ಬಿಸಿಲಲ್ಲಿ ನಿಂತಿದ್ದರು. ನಮ್ಮ ಬಾಗಿಲಿನ ಕಡೆ ನೋಡಿದರು. ನಾನು ಒಳಗಿನಿಂದ, ಊರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದೆ.

"ತಪ್ಪು ತಿಳ್ಕೋಬೇಡಿ ರಾಯರೇ. ನಮ್ಮ ಒಲೆ ಮೇಲೂ ಹುರುಳಿ ಇದೆ."